ತಪ್ಪಲೆ ಹಿಡಿದ ಕಾಲು

ಪಿನ್ನಮ್ಮನ ಕಾಲು ಸುಟ್ಟಿತ್ತು. ಅದು ಅವಳಿಗೆ ಗೊತ್ತಾಗಿರಲಿಲ್ಲ.

ಅವತ್ತು ನಾನು ಮುಳಬಾಗಿಲಿಗೆ, ನನ್ನ ತಮ್ಮ ಪಿಳ್ಳಪ್ಪನ ಮನೆಗೆ ಹೋಗಿದ್ದೆ. ಮುಂದೆ ಹೋಟೆಲು, ಹಿಂದೆ ವಾಸ. ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಪಿನ್ನಮ್ಮ ಮಧ್ಯಾಹ್ನದ ಊಟಕ್ಕೆ ಮುದ್ದೆ ತಿರುವುತ್ತಿದ್ದಳು. ಮಕ್ಕಳೇ, ಮನೆಯ ಸಣ್ಣ ಪಾತ್ರೆಯಲ್ಲಿ ತಿರುವುವುದನ್ನು ನೀವು ನೋಡಿದ್ದೀರಿ. ಹೋಟೆಲಿನದು ಹಾಗಲ್ಲ. ಕುದಿಯುವ ತಪ್ಪಲೆಯನ್ನು ಒಲೆಯಿಂದ ಇಳಿಸಿ ನೆಲದಲ್ಲಿ ಸಿಂಬೆಯ ಮೇಲೆ ಕೂರಿಸುತ್ತಾರೆ. ತಿರುವುವವಳು ಗಿಡ್ಡ ಮಣೆಯ ಮೇಲೆ ಕೂತು, ಎರಡು ಪಾದಗಳಿಂದ ತಪ್ಪಲೆಯನ್ನು ಎರಡೂ ಕಡೆ ಒತ್ತಿ ಹಿಡಿಯುತ್ತಾಳೆ. ಪಾದಕ್ಕೂ ತಪ್ಪಲೆಗೂ ನಡುವೆ ಒದ್ದೆ ಗೋಣಿತಟ್ಟು. ಕಾಲು ಸಡಿಲವಾದರೆ ತಪ್ಪಲೆ ತಿರುಗುತ್ತದೆ, ಹಿಟ್ಟು ಗಂಟಾಗುತ್ತದೆ.

ಎಡಗಾಲಿನ ಗೋಣಿ ಜಾರಿ ಬಿದ್ದಿತ್ತು. ಬರಿಯ ಪಾದ ತಾಮ್ರಕ್ಕೆ ಒತ್ತಿಕೊಂಡಿತ್ತು. ಅವಳು ಕೋಲು ತಿರುವುತ್ತಲೇ ನಮ್ಮ ಟೇಕಲ್ಲಿನ ಹಿಪ್ಪುನೇರಳೆ ಸೊಪ್ಪು ಹೇಗಿದೆ ಎಂದು ವಿಚಾರಿಸುತ್ತಿದ್ದಳು.

"ಪಿನ್ನಮ್ಮಾ, ಕಾಲು!" ಎಂದು ಕೂಗಿದೆ.

ಬಗ್ಗಿ ನೋಡಿದಳು. "ಅಯ್ಯೋ, ಗೋಣಿ ಬಿದ್ದೋಯ್ತಾ" ಎಂದಳು. ಅಷ್ಟೇ.

ಗಲ್ಲಾದ ಮೇಲಿದ್ದ ಪಿಳ್ಳಪ್ಪ ಇಣುಕಿ ನೋಡಿ ನಕ್ಕ. "ನಮ್ಮಮ್ಮಂದು ಕಾಲಲ್ಲ ಕಣಕ್ಕಾ, ಎಕ್ಕಡದ ಅಟ್ಟೆ!" ಊಟಕ್ಕೆ ಕೂತಿದ್ದ ಗಾಡಿಯವರೂ ನಕ್ಕರು. ಪಿನ್ನಮ್ಮನೂ ನಕ್ಕಳು.

ನೋವಾಗದಿದ್ದುದನ್ನು ನಾವೆಲ್ಲ ಗಟ್ಟಿತನ ಅಂದುಕೊಂಡೆವು.

ಪಿನ್ನಮ್ಮ ಯಾರು ಎಂದು ನಿಮಗೆ ಹೇಳಬೇಕು. ನನ್ನನ್ನು ಹೆತ್ತವಳು ಪಿಳ್ಳಪ್ಪ ಇನ್ನೂ ಹಾಲು ಕುಡಿಯುವಾಗಲೇ ತೀರಿಕೊಂಡಳು. ಅಪ್ಪ ನಂಗಲಿಯ ಕಡೆಯಿಂದ ಮುನಿಯಮ್ಮ ಎಂಬ ಹುಡುಗಿಯನ್ನು ಮದುವೆಯಾಗಿ ಕರೆತಂದರು. ಅವಳಿಗೆ ತೆಲುಗು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಚಿಕ್ಕಮ್ಮನನ್ನು ತೆಲುಗಿನಲ್ಲಿ ಕರೆಯುವಂತೆ ಅವಳನ್ನು ಪಿನ್ನಮ್ಮ ಎಂದು ಕರೆದೆ. ಪಿಳ್ಳಪ್ಪನಿಗೆ ಬೇರೆ ತಾಯಿಯ ನೆನಪೇ ಇಲ್ಲದ್ದರಿಂದ ಅಮ್ಮ ಎಂದೇ ಕರೆದ. ಸ್ವಲ್ಪ ಕಾಲಕ್ಕೆ ಅಪ್ಪನೂ ಹೋದರು. ತವರಿನವರು ಬಂದು, "ನಿನಗೆ ಮಕ್ಕಳಿಲ್ಲ, ಬಾ" ಎಂದು ಕರೆದರು. ಅವಳು ನಮ್ಮಿಬ್ಬರನ್ನು ತೋರಿಸಿ, "ಇವು ಏನು, ಕೋಳಿಮರಿಗಳಾ?" ಎಂದು ಕೇಳಿದಳು. ಅವರು ಎದ್ದು ಹೋದರು.

ಆಮೇಲೆ ಮುಳಬಾಗಿಲಿನ ರಸ್ತೆಯ ಹೋಟೆಲಿಗೆ ಪಾತ್ರೆ ತಿಕ್ಕಲು ಸೇರಿದಳು. ಮುದ್ದೆ ತಿರುವುವವಳು ಬಾರದ ಒಂದು ದಿನ ಮಣೆಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಅವಳ ಮುದ್ದೆಯಲ್ಲಿ ಗಂಟು ಇರುತ್ತಿರಲಿಲ್ಲ. ಮುರಿದರೆ ಒಳಗಿನಿಂದ ಹಬೆ ಬರಬೇಕು, ಬೆರಳಿಗೆ ಅಂಟಬಾರದು. ನಂಗಲಿಯಿಂದ ಬರುವ ಗಾಡಿಯವರು ಅದಕ್ಕಾಗಿಯೇ ಎತ್ತು ಬಿಚ್ಚುತ್ತಿದ್ದರು. ಆ ಕಾಲಿನ ದುಡಿಮೆಯಲ್ಲಿ ನನ್ನ ಮದುವೆಯಾಯಿತು. ಪಿಳ್ಳಪ್ಪ ಅದೇ ಹೋಟೆಲಿನಲ್ಲಿ ಬೆಳೆದು, ಯಜಮಾನರ ಮಗಳನ್ನೇ ಮದುವೆಯಾಗಿ, ಮಾವನ ನಂತರ ಗಲ್ಲಾದ ಮೇಲೆ ಕೂತ. ಮಗ ಯಜಮಾನನಾದ ಮೇಲೂ ಅವಳು ಮಣೆ ಬಿಡಲಿಲ್ಲ. ಬಿಡು ಎಂದು ಅವನೂ ಹೇಳಲಿಲ್ಲ.

ಸುಟ್ಟ ಜಾಗ ಹುಣ್ಣಾಯಿತು. ಅರಿಶಿನ ಹಚ್ಚಿದಳು. ಒಣಗಲಿಲ್ಲ. ಚೊಂಬು ಚೊಂಬು ನೀರು ಕುಡಿಯುತ್ತಿದ್ದಳಂತೆ. ಒಲೆಯ ಕಾವು ಅಂದರು. ಸೊರಗಿದಳು. ವಯಸ್ಸು ಅಂದರು. ಒಂದು ಸಲ ಸೀರೆಯ ನೆರಿಗೆ ಸರಿದು ಕಾಲಿನ ಹೆಬ್ಬೆರಳು ಕಪ್ಪಾಗಿರುವುದನ್ನು ಊಟಕ್ಕೆ ಕೂತವನೊಬ್ಬ ಕಂಡ.

ಎಲೆ ಬಿಟ್ಟು ಎದ್ದು ಹೋದ.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಯುದ್ಧದ ಕಾಲ, ಇದ್ದಿಲ ಗ್ಯಾಸಿನಲ್ಲಿ ಓಡುವ ಲಾರಿಯೊಂದು ನಮ್ಮ ಮನೆಯ ಮುಂದೆ ಹೊಗೆಯುಗುಳುತ್ತಾ ನಿಂತಿತು. ಹುಣಸೆಹಣ್ಣಿನ ಬುಟ್ಟಿಗಳ ನಡುವೆ ಪಿನ್ನಮ್ಮ ಕೂತಿದ್ದಳು. ಲಾರಿಯ ಬಾಷಾ ಸಾಬರು ಅವಳನ್ನು ಮಗುವಿನಂತೆ ಎತ್ತಿ ಜಗಲಿಯ ಮೇಲೆ ಕೂರಿಸಿದರು.

"ಪಿಳ್ಳಪ್ಪ ಏನು ಹೇಳಿ ಕಳಿಸಿದ, ಸಾಬರೇ?"

"ನಾಕು ದಿನ ಸುಧಾರ್ಸ್ಕೊಳ್ಲಿ ಅಂದ್ರು." ಆಮೇಲೆ ನನ್ನನ್ನು ಈಚೆಗೆ ಕರೆದು ದನಿ ತಗ್ಗಿಸಿದರು. "ಹೋಟ್ಲಲ್ಲಿ ದೊಡ್ಡರೋಗ ಅಂತವ್ರಮ್ಮಾ. ಬಸ್ನೋರು ಹತ್ತುಸ್ಕೊಳ್ಲಿಲ್ಲ. ನಾನು ಇವ್ರ ಕೈ ಮುದ್ದೆ ತಿಂದು ದೊಡ್ಡೋನಾದೋನು. ನಂಗೆಲ್ಲಿ ರೋಗ ಬಂತು, ಹೇಳಿ?"

ನಮ್ಮ ಕಡೆ ಕುಷ್ಠ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡರೋಗ ಎನ್ನುತ್ತಾರೆ. ನಾನೂ ಹೆದರಿದೆ. ಆದರೂ ಮೊದಲು ಅವಳ ಕಾಲು ತೊಳೆದೆ. ತೊಳೆಯುವಾಗಲೂ ಅವಳಿಗೆ ನೋವಿರಲಿಲ್ಲ.

ಟೇಕಲ್ಲಿನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಅಲ್ಲಿಂದ ಸಣ್ಣ ರೈಲಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದೊಯ್ದೆ. ಜೊತೆಗೆ ನನ್ನ ಮಗ, ನಿಮ್ಮ ಅಪ್ಪ, ಇದ್ದ. ಗಂಡಸರ ಎದುರು ತಲೆಯೆತ್ತಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಡಾಕ್ಟರು ಕೇಳಿದ್ದಕ್ಕೆಲ್ಲ ನೆಲ ನೋಡುತ್ತಾ ಉತ್ತರ ಕೊಟ್ಟೆ. ಅವರು ಪಿನ್ನಮ್ಮನ ಕಿವಿ, ಹುಬ್ಬು, ಬೆನ್ನು ನೋಡಿದರು. ಕಾಂಪೌಂಡರು ಗಾಜಿನ ಕೊಳವೆಯಲ್ಲಿ ನೀಲಿ ಔಷಧಿಗೆ ಅವಳ ಮೂತ್ರದ ಹನಿ ಸೇರಿಸಿ ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಯ ಬಣ್ಣವಾಯಿತು.

"ಕುಷ್ಠ ಅಲ್ಲಮ್ಮ. ಡಯಾಬಿಟಿಸ್. ಸಿಹಿಮೂತ್ರ" ಎಂದರು ಡಾಕ್ಟರು. "ಬಹಳ ದಿನದಿಂದ ಇದೆ. ಕಾಲಿನ ಸ್ಪರ್ಶವೇ ಹೋಗಿದೆ. ಯಾರಿಗೂ ಅಂಟುವುದಿಲ್ಲ."

ಅಂಟುವುದಿಲ್ಲ ಎಂದದ್ದನ್ನು ಪಿನ್ನಮ್ಮ ಮತ್ತೊಮ್ಮೆ ಹೇಳಿಸಿದಳು. "ಹಂಗಾರೆ ನನ್ನ ಮುದ್ದೆ ತಿಂದೋರ್ಗೆ ಏನೂ ಆಗಲ್ವಾ, ಸ್ವಾಮಿ?"

"ಏನೂ ಆಗೋದಿಲ್ಲ."

ಅವಳ ಮುಖ ಅರಳಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಗ್ಯಾಂಗ್ರೀನ್ ಆಗಿದೆ, ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದು ಅವರು ಮುಂದೆ ಹೇಳಿದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ. "ಪಿಳ್ಳಪ್ಪಂಗೆ ಹೇಳೇ. ಪಾಪ, ಹೆದ್ರಿರ್ತಾನೆ. ಒಂದ್ಸಲ ಬಂದು ನನ್ ಕೈಲಿ ಉಂಡ್ರೆ ಜನಾನೂ ನಂಬ್ತಾರೆ" ಎಂದಳು.

ನಿಮ್ಮ ಅಪ್ಪನನ್ನು ಅವಳ ಹತ್ತಿರ ಬಿಟ್ಟು ನಾನೇ ಮುಳಬಾಗಿಲಿಗೆ ಹೋದೆ. ಹೋಟೆಲಿಗೆ ಯಾವಾಗಲೂ ಹಿತ್ತಲಿನಿಂದ ಹೋಗುತ್ತಿದ್ದವಳು ಅವತ್ತು ಮುಂದಿನ ಬಾಗಿಲಿಗೆ ಬಂದೆ. ಪಿಳ್ಳಪ್ಪ ನನ್ನನ್ನು ನೋಡಲಿಲ್ಲ. ಗಾಡಿಯವನೊಬ್ಬ ಅವನನ್ನು ಕೇಳುತ್ತಿದ್ದ.

"ಏನಪ್ಪಾ, ನಿಮ್ಮಮ್ಮ ಹೆಂಗವ್ರೆ? ಆ ಕಾಯ್ಲೆ ವಂಶದಲ್ಲಿ ಬತ್ತದಂತಲ್ಲ?"

"ಅವ್ಳು ನಮ್ಮಮ್ಮ ಅಲ್ಲ ಕಣಯ್ಯಾ, ಮಲತಾಯಿ. ಅವ್ಳ ರಕ್ತ ಬೇರೆ, ನಮ್ಮದು ಬೇರೆ. ನೀನ್ ಉಣ್ಣು."

ಆ ಮಾತು ನಮ್ಮ ಮನೆಯಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಅವನು ಹೇಳಿದ್ದು ಸುಳ್ಳಲ್ಲ. ಸುಳ್ಳಾಗಿದ್ದರೆ ನಾನು ಅಲ್ಲೇ ಜಗಳವಾಡುತ್ತಿದ್ದೆ. ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಒಂದು ನಿಜವನ್ನು ಬೇಕಾದಾಗ ಹುಡುಕಿ ತೆಗೆದಿದ್ದ.

ಹಿತ್ತಲಿಗೆ ಕರೆದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವನು ಉಸಿರು ಬಿಟ್ಟ. ಸಮಾಧಾನವಾಯಿತು ಎಂದುಕೊಂಡೆ.

"ನಿಂಗೆ ಡಾಕ್ಟ್ರು ಹೇಳಿದ್ರು. ಜನಕ್ಕೆ ಯಾರಕ್ಕಾ ಹೇಳೋರು?"

"ನೀನೇ ಹೇಳು. ಗಲ್ಲಾದ ಮೇಲೆ ಕೂತೋನು ನೀನು."

"ಹೇಳಿದ್ರೆ, ಆ ಹುಣ್ಣಿನ ಕಾಲು ಇಷ್ಟು ದಿನ ತಪ್ಪಲೆಗೆ ತಗುಲ್ತಿತ್ತಾ ಅಂತ ಕೇಳ್ತಾರೆ. ಜನ ಈಗಷ್ಟೇ ಮತ್ತೆ ಬರ್ತಾವ್ರೆ. ಹೆಂಗೈತೋ ಹಂಗಿರ್ಲಿ ಬಿಡು."

"ಅವಳನ್ನ ನೋಡೋಕಾದ್ರೂ ಬಾರೋ."

"ಬರ್ತೀನಿ. ನೀನು ಹೋಗಿರು."

ಒಳಗೆ ಹೊಸಬಳೊಬ್ಬಳು ಪಿನ್ನಮ್ಮನ ಮಣೆಯ ಮೇಲೆ ಕೂತು ತಿರುವುತ್ತಿದ್ದಳು. ಅವಳ ಪಾದಗಳಿಗೆ ದಪ್ಪ ಗೋಣಿ ಸುತ್ತಿದ್ದರು.

ಆಪರೇಷನ್ನಿನ ದಿನದವರೆಗೂ ಅವನು ಬರಲಿಲ್ಲ. ಕಾಗದಕ್ಕೆ ರುಜು ಹಾಕುವಾಗ ಡಾಕ್ಟರು ಕೇಳಿದರು, "ಇವರು ನಿಮಗೆ ಏನಾಗಬೇಕು?"

"ನಮ್ಮಮ್ಮ" ಎಂದೆ. ಅವತ್ತು ತಲೆಯೆತ್ತಿ ಹೇಳಿದೆ. ಹಳ್ಳಿಯ ಸ್ಕೂಲು ಬಿಟ್ಟ ಮೇಲೆ ನಾನು ನನ್ನ ಹೆಸರು ಬರೆದದ್ದು ಅದೇ ಮೊದಲು. ಅಕ್ಷರ ಸೊಟ್ಟಗಿದ್ದವು.

ಕ್ಲೋರೋಫಾರಂ ಇಳಿದು ಎಚ್ಚರವಾದಾಗ ಪಿನ್ನಮ್ಮ ಕಾಲಿನ ಮಾತೇ ಎತ್ತಲಿಲ್ಲ. "ಪಿಳ್ಳಪ್ಪ ಬಂದ್ನಾ?"

"ಕೆಲ್ಸ ಜಾಸ್ತಿಯಂತೆ ಪಿನ್ನಮ್ಮಾ."

"ನಾನಿಲ್ವಲ್ಲ, ಕಷ್ಟಾನೇ ಅವಂಗೆ."

ಯಾರಲ್ಲೂ ಕೆಡುಕು ಕಾಣದ ಅವಳ ಮನಸ್ಸನ್ನು ಕಂಡು ಒಮ್ಮೊಮ್ಮೆ ನನಗೆ ಅವಳ ಮೇಲೆಯೇ ಕೋಪ ಬರುತ್ತಿತ್ತು.

ಟೇಕಲ್ಲಿಗೆ ಕರೆತಂದೆ. ಗಾಯ ಮಾಗಿತು. ಇನ್ಸುಲಿನ್ ಇಂಜೆಕ್ಷನ್ ಸಿಕ್ಕಾಗ ಸಿಕ್ಕಿತು, ಇಲ್ಲದಾಗ ಪಥ್ಯ. ಬೆಲ್ಲ ಇಲ್ಲ, ಅನ್ನ ಇಲ್ಲ, ಸಣ್ಣ ಮುದ್ದೆ, ಸೊಪ್ಪು. ಗೋಡೆಗೆ ಒರಗಿ ಕೂತು ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿಕೊಡುತ್ತಿದ್ದಳು. ನಿಮ್ಮಿಬ್ಬರಿಗೆ ತೆಲುಗಿನಲ್ಲಿ ಬೈಗುಳ ಕಲಿಸಿದವಳೂ ಅವಳೇ.

ಅವರೆಕಾಯಿ ಕಾಲ ಬಂದಾಗ ಪಿಳ್ಳಪ್ಪ ಬಂದ. ಶ್ರೀನಿವಾಸಪುರದಲ್ಲಿ ಏನೋ ವ್ಯವಹಾರ ಮುಗಿಸಿ ಮಾಲೂರಿನ ಸಂತೆಗೆ ಹೊರಟವನು, ದಾರಿಯಲ್ಲಿ ಇಳಿದನಂತೆ. ಜಗಲಿಯ ಅಂಚಿನಲ್ಲಿ ಕೂತ. ಪಿನ್ನಮ್ಮನ ಸೀರೆಯ ಕೆಳಗೆ ಒಂದೇ ಪಾದ ಇದ್ದುದನ್ನು ನೋಡಿ ತಕ್ಷಣ ಬೀದಿಯ ಕಡೆ ತಿರುಗಿದ.

"ಇರು ನಾಯನಾ, ಮುದ್ದೆ ಮಾಡ್ತೀನಿ" ಎಂದಳು.

ಬೇಡವೆಂದರೆ ಕೇಳಲಿಲ್ಲ. ತಪ್ಪಲೆ ಇಳಿಸಿಕೊಟ್ಟೆ. ಮಣೆಯ ಮೇಲೆ ಕೂತು ಬಲಪಾದ ಒತ್ತಿದಳು. ಎಡಗಡೆ ಹಿಡಿಯಲು ಪಾದ ಇರಲಿಲ್ಲ. ತಪ್ಪಲೆ ಗಿರ್ರನೆ ತಿರುಗಿತು. ನಾನು ಪಕ್ಕದಲ್ಲಿ ಕೂತು, ಗೋಣಿ ಇಟ್ಟು, ಅವಳ ಎಡಪಾದ ಇರಬೇಕಾದ ಕಡೆ ನನ್ನ ಪಾದ ಕೊಟ್ಟೆ.

"ಗಟ್ಯಾಗಿ ಒತ್ತೇ. ಮೊಮ್ಮಕ್ಕಳ ಕಂಡೋಳು, ಕಾಲಲ್ಲಿ ಜೀವ ಇಲ್ವಾ?"

"ಸುಡ್ತದೆ ಪಿನ್ನಮ್ಮಾ!"

"ಸುಡ್ಲಿ, ಒತ್ತು."

ಒಂದೂ ಗಂಟಿಲ್ಲದ ಮುದ್ದೆ. ಕೈಗೆ ನೀರು ಹಚ್ಚಿಕೊಂಡು ಉಂಡೆ ಕಟ್ಟಿ, ಅವರೆಕಾಳಿನ ಸಾರಿನ ಜೊತೆ ಅವನ ಮುಂದೆ ಇಟ್ಟೆವು. ಹಬೆ ಏಳುತ್ತಿತ್ತು.

"ಬರೋ ದಾರೀಲಿ ಈಗ್ತಾನೇ ಉಂಡೆ ಕಣಮ್ಮಾ. ಹೊಟ್ಟೇಲಿ ಜಾಗ ಇಲ್ಲ" ಎಂದ.

"ಹೌದಾ ನಾಯನಾ" ಎಂದಳು.

ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ನಿಮ್ಮಿಬ್ಬರನ್ನು ಕರೆದಳು. ಆ ಮುದ್ದೆ ತಿಂದವರು ನೀವು. ಅವತ್ತು ಸಾರು ಚೆಲ್ಲಿಕೊಂಡು ಜಗಳವಾಡಿದ್ದು ನಿಮಗೆ ನೆನಪಿರಬಹುದು.

ಅವನು ಹೋದ ಮೇಲೆ ಕೂತಲ್ಲೇ ತಪ್ಪಲೆಗೆ ಅಂಟಿದ್ದನ್ನು ಕೆರೆದಳು. ಆಮೇಲೆ ಒಂದೇ ಮಾತು ಹೇಳಿದಳು.

"ಅವನು ಉಂಡಿರ್ಲಿಲ್ಲ ಕಣೇ. ಹಸಿದ ಮುಖ ನಂಗೆ ಗೊತ್ತಾಗಲ್ವಾ?"

ಮತ್ತೆ ಅವನ ದಾರಿ ನೋಡಲಿಲ್ಲ. ಹೆಸರೂ ಎತ್ತಲಿಲ್ಲ. ಈ ವರ್ಷ ಚಳಿಗಾಲದಲ್ಲಿ ಜ್ವರ ಬಂತು, ಎರಡನೆಯ ಕಾಲಿನಲ್ಲೂ ಹುಣ್ಣಾಯಿತು. ಇನ್ನು ಆಸ್ಪತ್ರೆ ಬೇಡ ಎಂದಳು. ನನ್ನ ಮಡಿಲಲ್ಲೇ ಹೋದಳು. ಮಣ್ಣಿಗೆ ಪಿಳ್ಳಪ್ಪ ಬಂದ. ತಲೆ ಬೋಳಿಸಿಕೊಂಡು ಎಲ್ಲವನ್ನೂ ಕ್ರಮವಾಗಿ ಮಾಡಿದ. ಹೆತ್ತ ಮಗನೂ ಹೀಗೆ ಮಾಡುವುದಿಲ್ಲ ಎಂದು ಊರಿನವರು ಹೊಗಳಿದರು. ಅಷ್ಟು ಜನರ ನಡುವೆ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಆ ಸೊಟ್ಟ ಅಕ್ಷರದಲ್ಲೇ ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಅವನು ನಿಮಗೆ ತಾತನಾಗಬೇಕು, ಬಂದರೆ ನೀರು ಕೊಡಿ, ಮಣೆ ಹಾಕಿ. ಆದರೆ ನಡೆದದ್ದು ಇದು.

ಈಗ ತಪ್ಪಲೆಯನ್ನು ನಾನೊಬ್ಬಳೇ ಎರಡೂ ಪಾದಗಳಿಂದ ಹಿಡಿಯುತ್ತೇನೆ. ಮುದ್ದೆಯಲ್ಲಿ ಇನ್ನೂ ಒಂದೆರಡು ಗಂಟು ಉಳಿಯುತ್ತವೆ. ಗೋಣಿ ಜಾರಿದರೆ ಕಾಲು ಚುರ್ರೆನ್ನುತ್ತದೆ. ನಾನು ತಟ್ಟನೆ ಎಳೆದುಕೊಳ್ಳುತ್ತೇನೆ, ಮತ್ತೆ ಒತ್ತುತ್ತೇನೆ.

ಸುಟ್ಟದ್ದು ನನಗೆ ಗೊತ್ತಾಗುತ್ತಿದೆ. ಅಷ್ಟರಮಟ್ಟಿಗೆ ದೇವರು ದೊಡ್ಡವನು.