ಪೂಜೆಗೆ ಕೂತ ಪುಸ್ತಕಗಳು

ಸಂತೋಷವಾದಾಗ ನನಗೆ ಮಾತು ಅಡ್ಡಾದಿಡ್ಡಿ ಬರುತ್ತದೆ. ಬರೆಯುವುದೂ ಹಾಗೆಯೇ ಆಗಬಹುದು, ಓದುವವರು ಸಹಿಸಿಕೊಳ್ಳಬೇಕು. ನಾನು ಕಲಿತದ್ದು ಕೂಲಿಮಠದಲ್ಲಿ, ಮರಳಿನ ಮೇಲೆ ಬೆರಳಾಡಿಸಿ. ಕಾಗುಣಿತ ಮುಗಿಯುವ ಹೊತ್ತಿಗೆ ಅಪ್ಪ ನನ್ನನ್ನು ದನದ ಹಿಂದೆ ಅಟ್ಟಿದ. ಅಂಥವನ ಮೊಮ್ಮಗಳು ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ಓದಿದಳು, ಅವಳಿಂದಾಗಿ ಕೊರಟಗೆರೆ ತಾಲ್ಲೂಕಿನ ನಮ್ಮ ಪುಟ್ಟ ಹಳ್ಳಿಗೆ ಪುಸ್ತಕದ ಮನೆ ಬಂತು ಎಂದರೆ, ನೀವೇ ಹೇಳಿ, ನಾನು ನೆಟ್ಟಗೆ ಹೇಗೆ ಬರೆಯಲಿ?

ಅವಳ ಓದನ್ನು ನೋಡಿಕೊಳ್ಳುತ್ತಿದ್ದವರು ಕಡಲಾಚೆಯ ಒಂದು ಧರ್ಮಸಂಘದವರು. ಅವರ ಪರವಾಗಿ ಮಧುಗಿರಿಯಲ್ಲಿ ಒಬ್ಬ ಮಿಸ್ಸಮ್ಮ ಇದ್ದರು. ಉದ್ದನೆಯ ಗೌನು, ಬಿಸಿಲಿಗೆ ದಪ್ಪ ಟೋಪಿ, ಬಾಯಲ್ಲಿ ಪುಸ್ತಕದಲ್ಲಿ ಅಚ್ಚಾದಂಥ ಕನ್ನಡ. ಹಳ್ಳಿಗಳಿಂದ ಓದಲು ಬಂದ ಹೆಣ್ಣುಮಕ್ಕಳಿಗೆ ಊಟ, ಬಟ್ಟೆ, ಸ್ಲೇಟು ಎಲ್ಲ ಅವರ ಹಾಸ್ಟೆಲಿನಲ್ಲೇ. ಯಾಕೆ ಕೊಡುತ್ತಾರೆ ಎಂಬುದು ಮಾತ್ರ ನನಗೆ ಬಗೆಹರಿಯಲಿಲ್ಲ. ನಮ್ಮನ್ನು ಕಂಡವರಲ್ಲ, ಉಂಡವರಲ್ಲ, ನೆಂಟರಂತೂ ಅಲ್ಲವೇ ಅಲ್ಲ. ಒಮ್ಮೆ ಕೇಳಿಯೇ ಬಿಟ್ಟೆ. "ನಮ್ಮ ದೇಶದ ಅಜ್ಜಿಯರು ಉಣ್ಣೆಯ ಕಾಲುಚೀಲಗಳನ್ನು ಹೆಣೆದು ಮಾರುತ್ತಾರೆ. ಬಂದ ಹಣವನ್ನು ಇಲ್ಲಿಗೆ ಕಳುಹಿಸುತ್ತಾರೆ," ಎಂದರು. ಮನೆಗೆ ಬಂದು ಹಾಗೆಯೇ ಹೇಳಿದೆ. ನಮ್ಮವಳು ರಾಗಿ ಬೀಸುವುದನ್ನು ನಿಲ್ಲಿಸಿದಳು.

"ಕಾಲ್ಗೆ ಚೀಲನಾ? ಯಾಕಂತೆ?"

"ಚಳಿಗಂತೆ ಕಣೆ."

"ಆ ಮುದುಕೀರು ನಮ್ ಮಗೀಗೋಸ್ಕರ ಯಾಕೆ ಹೆಣೀಬೇಕು? ಅವ್ರಿಗೆ ಮೊಮ್ಮಕ್ಕಳಿಲ್ವಾ?"

"ನಂಗೇನ್ ಗೊತ್ತು?"

"ನಿಂಗೆ ಯಾವ್ದು ತಾನೆ ಗೊತ್ತು, ಬುಡು," ಎಂದು ಮತ್ತೆ ಬೀಸಲು ಕೂತಳು.

ಈ ಗೊಂದಲ ಮುಗಿಯುವ ಮೊದಲೇ ಗಾಡಿಯ ಮೇಲೆ ಎರಡು ಮರದ ಪೆಟ್ಟಿಗೆ ಬಂದು ಇಳಿದವು. ಮೊಮ್ಮಗಳು ಚೆನ್ನಾಗಿ ಪಾಸಾಗಿದ್ದಕ್ಕೆ ಅವಳ ಊರಿಗೆ ಪುಸ್ತಕಾಲಯವಂತೆ. ಎಲ್ಲವೂ ಕನ್ನಡದ ಪುಸ್ತಕ, ಯಾರು ಬೇಕಾದರೂ ಓದಬಹುದಂತೆ. ಚಾವಡಿಯ ಪಕ್ಕದ ಕೋಣೆಗೆ ಸುಣ್ಣ ಬಳಿದು, ಬಡಗಿಯಿಂದ ಹಲಗೆ ಹೊಡೆಸಿ ಜೋಡಿಸಿದೆವು. ಬೀಗದ ಕೈ ನನ್ನ ಉಡಿದಾರಕ್ಕೆ ಬಂತು. ನವರಾತ್ರಿ ಹತ್ತಿರವಿತ್ತು. ಇಷ್ಟೊಂದು ಸರಸ್ವತಿ ಊರಿಗೆ ಬಂದಿರುವಾಗ ಪೂಜೆಗಿಡದೆ ಇರಲಾದೀತೆ? ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಕೂರಿಸಿದೆವು.

ಎಡವಟ್ಟಾದದ್ದು ಅಲ್ಲೇ. ಪೂಜೆಗೆ ಕೂತ ಪುಸ್ತಕವನ್ನು ವಿಜಯದಶಮಿಯ ತನಕ ಮುಟ್ಟುವಂತಿಲ್ಲ. ದಶಮಿಯ ದಿನ ಇಳಿಸಬೇಕು, ಇಳಿಸಿದವರು ನಾಲ್ಕು ಸಾಲಾದರೂ ಓದಬೇಕು. ಇದು ಒಂದು ಪದ್ಧತಿ. ಯಾವುದಕ್ಕೇ ಆಗಲಿ ಮೊದಲ ಕೈ ಗೌಡರದು, ಇದು ನಮ್ಮೂರಿನ ಇನ್ನೊಂದು ಪದ್ಧತಿ. ಬಿತ್ತನೆಯ ಮೊದಲ ಹಿಡಿ ಅವರದು, ಮದುವೆಯ ಮೊದಲ ವೀಳ್ಯ ಅವರಿಗೆ. ಎರಡೂ ಸರಿಯಾದವೇ. ಎರಡನ್ನೂ ಒಂದೇ ಕೋಣೆಯಲ್ಲಿಟ್ಟರೆ ಏನಾಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಗೌಡರಿಗೆ ಓದು ಬರದು. ಅವರದು ಹೆಬ್ಬೆಟ್ಟು.

ದಶಮಿಯ ದಿನ ಊರೆಲ್ಲ ಸೇರಿತು. ಗೌಡರು ಹೊಸ ರುಮಾಲು ಸುತ್ತಿ ಬಂದು ಆರತಿ ಬೆಳಗಿದರು. ಕೈ ಪುಸ್ತಕದ ಹತ್ತಿರ ಹೋಯಿತು, ಅಲ್ಲೇ ನಿಂತಿತು.

"ಇವತ್ಯಾಕೋ ಕಣ್ಣು ಮಂಜುಮಂಜು ಕಣ್ರಲಾ. ಅಮಾಸೆ ಕಳೀಲಿ," ಎಂದು ಹೊರಟುಹೋದರು.

ಅಮಾವಾಸ್ಯೆ ಕಳೆಯಿತು. "ಕಣದ ಕೆಲ್ಸ ಮುಗೀಲಿ," ಎಂದರು. ಆಗ ರಾಗಿ ಇನ್ನೂ ಹೊಲದಲ್ಲಿ ಹಸಿರಾಗಿತ್ತು. ಅವರನ್ನು ಬಿಟ್ಟು ಬೇರೆಯವರು ಕೈ ಹಾಕಿದರೆ ಅವರಿಗೆ ಅವಮಾನ. ಇಳಿಸಿ ಎಂದು ಒತ್ತಾಯಿಸಿದರೆ ಇನ್ನೂ ದೊಡ್ಡ ಅವಮಾನ. ನಾನು ದಿನವೂ ಬೀಗ ತೆಗೆದು, ದೀಪ ಹಚ್ಚಿ, ನವಿಲುಗರಿಯಿಂದ ಧೂಳು ಕೊಡವಿ, ಪುಸ್ತಕದ ಬೆನ್ನಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿ, ಮತ್ತೆ ಬೀಗ ಹಾಕಿ ಬರುತ್ತಿದ್ದೆ. ಒಬ್ಬಾಕೆ ತನ್ನ ಕೂಸಿಗೆ ಬೇಗ ಮಾತು ಬರಲೆಂದು ಹರಕೆ ಹೊತ್ತು ತೆಂಗಿನಕಾಯಿ ತಂದಳು. ಒಡೆದುಕೊಟ್ಟೆ. ಇದು ದೇವರ ಕೋಣೆಯೋ ಓದುವ ಕೋಣೆಯೋ ಬೀಗದ ಕೈ ಇಟ್ಟುಕೊಂಡ ನನಗೇ ತಿಳಿಯದೆ ಹೋಯಿತು.

ಸುಗ್ಗಿಯ ಹೊತ್ತಿಗೆ ಮಿಸ್ಸಮ್ಮ ನೋಡಲು ಬಂದರು. ನಾನು ಹೆಮ್ಮೆಯಿಂದ ಬಾಗಿಲು ತೆರೆದೆ. ಅರಿಸಿನದ ಬೊಟ್ಟು ಬಿಟ್ಟರೆ ಒಂದು ಪುಸ್ತಕದ ಮೇಲೂ ಒಂದು ಕಲೆಯಿಲ್ಲ. ಮಿಸ್ಸಮ್ಮನ ಮುಖ ಬಾಡಿತು.

"ಪುಸ್ತಕಗಳು ಏಕೆ ಇಷ್ಟು ಶುಚಿಯಾಗಿವೆ?"

"ಧೂಳು ಕೂರಾಕೆ ಬುಟ್ಟಿಲ್ಲ ತಾಯಿ."

"ಯಾರೂ ಓದಲಿಲ್ಲವೇ?"

"ಇನ್ನೂ ಇಳ್ಸಿಲ್ಲ ತಾಯಿ."

ಅವರು ಹಲಗೆಯನ್ನು ನೋಡಿದರು. ಅದು ಅವರ ಸೊಂಟದ ಮಟ್ಟಕ್ಕಿತ್ತು. "ಎಲ್ಲಿಂದ ಇಳಿಸಬೇಕು?" ಎಂದರು. ಗೌಡರ ಮಾನವನ್ನು ಪರದೇಶದವರ ಮುಂದೆ ಹೇಗೆ ಬಿಚ್ಚಿಡಲಿ? ನವಿಲುಗರಿ ಎತ್ತಿಕೊಂಡು ಇಲ್ಲದ ಧೂಳು ಕೊಡವತೊಡಗಿದೆ. ಸಿರಾ ಕಡೆಯ ಒಂದು ಹಳ್ಳಿಯ ಮೇಷ್ಟರು ಪುಸ್ತಕಕ್ಕಾಗಿ ಕೇಳುತ್ತಲೇ ಇದ್ದಾರಂತೆ. ಬರುವ ಸೋಮವಾರ ಗಾಡಿಯೊಡನೆ ತಾವೇ ಬರುವುದಾಗಿಯೂ, ಅಷ್ಟರೊಳಗೆ ಊರಿನವರು ಓದಲು ತೊಡಗದಿದ್ದರೆ ಪೆಟ್ಟಿಗೆಗಳು ಸಿರಾಕ್ಕೆ ಹೋಗುವುವೆಂದೂ ಹೇಳಿ ಹೊರಟರು. ನಾನು ನವಿಲುಗರಿ ಹಿಡಿದು ನಿಂತೇ ಇದ್ದೆ. ಚೊಕ್ಕಟವಾಗಿ ಇಟ್ಟದ್ದೇ ತಪ್ಪಾಯಿತೆ? ಮೊಮ್ಮಗಳ ಓದಿಗೆ ಮೆಚ್ಚಿ ಕೊಟ್ಟ ಪುಸ್ತಕ. ಅವು ಹಿಂದಕ್ಕೆ ಹೋದರೆ ಆ ಹಾಸ್ಟೆಲಿನ ಹುಡುಗಿಯರ ನಡುವೆ ಅವಳು ಹೇಗೆ ತಲೆಯೆತ್ತಿಯಾಳು?

ಸೋಮವಾರ ಗಾಡಿಯಲ್ಲಿ ಮಿಸ್ಸಮ್ಮನ ಜೊತೆ ಅವಳೂ ಬಂದಳು. ಕಣ್ಣು ಕೆಂಪಾಗಿತ್ತು. ಮಿಸ್ಸಮ್ಮ ಕೈಕಾಲು ತೊಳೆಯಲು ನಮ್ಮ ಮನೆಯ ಕಡೆ ಹೋದಾಗ ನನ್ನನ್ನು ಮೂಲೆಗೆ ಎಳೆದಳು. "ಏನಾಯ್ತು ತಾತ, ಸರ್ಯಾಗ್ ಯೋಳು," ಎಂದಳು. ಎಲ್ಲ ಹೇಳಿದೆ. ಚಾವಡಿಯ ಕಂಬಕ್ಕೆ ಒರಗಿದ್ದ ಗೌಡರಿಗೂ ಕೇಳಿಸಿತು.

"ತಕ್ಕೊಂಡೋಗ್ಲಿ ಬುಡ್ರಲಾ, ಬಂದಂಗೇ ಹೋಯ್ತವೆ," ಎಂದು ಅವರು ಬೇರೆ ಕಡೆ ಮುಖ ತಿರುಗಿಸಿದರು. ನಾನು ಸತ್ತೆ ಅಂದುಕೊಂಡೆ. ಹುಡುಗಿ ನೆಟ್ಟಗೆ ಅವರ ಮುಂದೆ ಹೋಗಿ ನಿಂತಳು.

"ಗೌಡ್ ತಾತ, ಗುಡೀಲಿ ಆರತಿ ತಟ್ಟೆ ಮೊದ್ಲು ಹಿಡಿಯೋರು ಯಾರು?"

"ನಾನೇ. ಇನ್ಯಾವನು?"

"ಮಂತ್ರ ಯೋಳೋರು?"

"ಐನೋರು. ನಂಗೆ ಮಂತ್ರ ಬತ್ತದೇನವ್ವಾ?"

"ಬರ್ದಿದ್ರೂ ನಿಮ್ ಮರ್ವಾದೆ ಏನೂ ಹೋಗಿಲ್ವಲ್ಲ. ಪುಸ್ತಕಾನೂ ನೀವೇ ಇಳ್ಸಿ ಹಿಡ್ಕಳಿ. ಬಾಯಿ ನಂದು."

ಗೌಡರು ಕಂಬ ಬಿಟ್ಟು ನೆಟ್ಟಗೆ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. "ಇವ್ಳು ನಿನ್ ಮೊಮ್ಮಗ್ಳೇನಯ್ಯಾ?"

"ಅಂಗಂತಾವ್ರೆ ಗೌಡ್ರೇ," ಎಂದೆ.

ರುಮಾಲು ಸರಿಮಾಡಿಕೊಂಡು ಒಳಗೆ ಬಂದರು. ಕೈಗೆ ಸಿಕ್ಕ ಮೊದಲ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಇಳಿಸಿ, ಎರಡು ಕೈಯಲ್ಲೂ ಆರತಿ ತಟ್ಟೆಯ ಹಾಗೆ ಎದೆಯ ಮುಂದೆ ಹಿಡಿದರು. ಅದು ಬೇಸಾಯದ, ದನಕರುಗಳ ಪುಸ್ತಕ. ಮೊಮ್ಮಗಳು ಹಾಳೆ ತೆರೆದು ಓದತೊಡಗಿದಳು. ಎಂಥ ಗಂಟಲು! ಚಾವಡಿಯಾಚೆ ಹೋಗುತ್ತಿದ್ದವರೂ ತಿರುಗಿ ಬಂದರು. ಎತ್ತಿನ ಗೊರಸಿಗೆ ಹುಣ್ಣಾದರೆ ಏನು ಮಾಡಬೇಕೆಂಬ ಭಾಗ ಬಂತು.

"ಬೇವಿನೆಣ್ಣೆ ಹಚ್ಬೇಕು, ಅದ ಬರ್ದವ್ನಾ?" ಎಂದರು ಗೌಡರು.

"ಮುಂದಿನ್ ಸಾಲಲ್ಲೈತೆ ತಾತ."

"ಅಂಗಾರೆ ತಿಳ್ದೋನೇಯ. ಓದು, ಓದು."

ಮಿಸ್ಸಮ್ಮ ಬಂದು ಬಾಗಿಲಲ್ಲಿ ನಿಂತರು. ಪುಸ್ತಕ ಹಿಡಿದ ಗೌಡರನ್ನು, ಬಾಗಿ ಓದುತ್ತಿದ್ದ ಹುಡುಗಿಯನ್ನು, ನೆಲಕ್ಕೆ ಕೂತ ಜನರನ್ನು ನೋಡಿ, ನನ್ನ ಕಿವಿಯ ಹತ್ತಿರ, "ಆ ಹಿರಿಯರು ಏಕೆ ಹಾಗೆ ನಿಂತಿದ್ದಾರೆ?" ಎಂದರು.

"ಇಳ್ಸುದ್ರು ತಾಯಿ!" ಎಂದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಅವರಿಗೆ ಒಂದೂ ಅರ್ಥವಾಗಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಆದರೂ ಟೋಪಿ ತೆಗೆದು ಹೆಂಗಸರ ನಡುವೆ ಚಾಪೆಯ ಮೇಲೆ ಕೂತರು.

ಪುಸ್ತಕದ ಭಾರಕ್ಕೆ ಗೌಡರ ತೋಳು ಇಳಿಯತೊಡಗಿತು. ಒಬ್ಬ ಆಸರೆ ಕೊಡಲು ಎದ್ದ. "ಮುಟ್ಟುದ್ರೆ ನೋಡ್ಲಾ!" ಎಂದು ಗದರಿಸಿ ಹುಡುಗಿಗೆ, "ಹಾಳೆ ತಿರುಗ್ಸವ್ವಾ," ಎಂದರು. ಅಷ್ಟರಲ್ಲಿ ಗಾಡಿಯವನು ಇಣುಕಿ, ಪೆಟ್ಟಿಗೆ ಹೇರಬೇಕಾ ಎಂದು ಕೇಳಿದ. ಮಿಸ್ಸಮ್ಮ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಾಗಿಸಿ, ಎತ್ತು ಬಿಚ್ಚುವಂತೆ ಕೈಸನ್ನೆ ಮಾಡಿದರು.