ನನ್ನ ರಾಸುಗಳ ಸಂಕ್ರಾಂತಿ

ಮೊನ್ನೆ ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಪಕ್ಕಕ್ಕೇ ಒಂದು ಲಗೇಜ್ ಆಟೋ ಬಂದು ನಿಂತಿತು. ಹಿಂದೆ ಹಿಂಡಿ, ಬೂಸಾ ಮೂಟೆಗಳು. ಮೆಟ್ರೋ ಕಂಬಗಳ ಕೆಳಗೆ, ಅಷ್ಟೊಂದು ಹೊಗೆಯ ನಡುವೆಯೂ ಕಡಲೆಕಾಯಿ ಹಿಂಡಿಯ ಎಣ್ಣೆಜಿಡ್ಡಿನ ವಾಸನೆ ಮೂಗಿಗೆ ಬಡಿಯಿತು. ಹಸಿರು ದೀಪ ಹತ್ತಿದರೂ ನಾನು ಕದಲಲಿಲ್ಲ. ಹಿಂದಿನವರು ಹಾರ್ನ್ ಹೊಡೆದು, ಬೈದುಕೊಂಡೇ ಮುಂದೆ ಹೋದರು. ನನಗೆ ಓನರಮ್ಮ ನೆನಪಾಗಿದ್ದರು.

ತಲಘಟ್ಟಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ಬೀದಿಯವರೆಲ್ಲ ಓನರಮ್ಮ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೊಲವೆಲ್ಲ ಸೈಟುಗಳಾಗಿ, ಕೊಟ್ಟಿಗೆ ಇದ್ದ ಜಾಗದಲ್ಲಿ ಬಾಡಿಗೆದಾರರ ಬೈಕುಗಳು ನಿಲ್ಲುತ್ತಿದ್ದವು. ಹಸುಗಳನ್ನು ಮಾರಿ ವರ್ಷಗಳಾಗಿದ್ದರೂ ಮೆಟ್ಟಿಲ ಕೆಳಗೆ ಒಂದು ಮೂಟೆ ಹಿಂಡಿ ಇದ್ದೇ ಇರುತ್ತಿತ್ತು. ಬೀದಿಯಲ್ಲಿ ಹಾದುಹೋಗುವ ಯಾರದೋ ಹಸುವಿಗೆ ಬಕೆಟ್ಟಿನಲ್ಲಿ ಕಲಸಿಡುತ್ತಿದ್ದರು. ಆ ವಾಸನೆಯನ್ನು ದಾಟಿಕೊಂಡೇ ನಾನು ಮಹಡಿ ಹತ್ತಬೇಕಿತ್ತು.

ಭಾನುವಾರವೂ ಕೆಲಸಕ್ಕೆ ಹೊರಡುವ ನನ್ನ ಮೇಲೆ ಅವರಿಗೆ ಮೊದಮೊದಲು ಅನುಮಾನ. ಒಮ್ಮೆ ಗೇಟಿನಲ್ಲೇ ತಡೆದು ಕೇಳಿಬಿಟ್ಟರು. ನಾನು ಕೈಲಾದಷ್ಟು ಬಿಡಿಸಿ ಹೇಳಿದೆ. ಹಾರ್ಟ್ ಅಟ್ಯಾಕ್ ಆದಾಗ ಹೃದಯದ ಸ್ನಾಯು ಒಂದಷ್ಟು ಸತ್ತುಹೋಗುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ, ಬರೀ ಕಲೆ ಉಳಿಯುತ್ತದೆ. ನಮ್ಮ ಲ್ಯಾಬಿನಲ್ಲಿ ಹೃದಯದ ಜೀವಕೋಶಗಳನ್ನು ಪುಟ್ಟ ತಟ್ಟೆಗಳಲ್ಲಿ ಬೆಳೆಸುತ್ತೇವೆ, ಮುಂದೊಂದು ದಿನ ಆ ಜಾಗಕ್ಕೆ ಸೇರಿಸಲು ಆದೀತೇ ಎಂದು ನೋಡುತ್ತಿದ್ದೇವೆ. ಹಬ್ಬ, ರಜೆ ಎಂದು ಬಿಟ್ಟರೆ ಅವು ಉಳಿಯುವುದಿಲ್ಲ, ಹೊತ್ತಿಗೆ ಸರಿಯಾಗಿ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ಮೊಬೈಲಿನಲ್ಲಿ ವಿಡಿಯೊ ಕೂಡ ತೋರಿಸಿದೆ. ತಟ್ಟೆಯ ತಳದಲ್ಲಿ ಅವು ತಮ್ಮ ಪಾಡಿಗೆ ತಾವು ಮಿಡಿಯುತ್ತಿದ್ದವು. ಓನರಮ್ಮ ಕಣ್ಣು ಕಿರಿದು ಮಾಡಿ ನೋಡಿದರು.

"ಅಂಗಂದ್ರೆ ನೀನೂ ರಾಸು ಕಟ್ಟಿದೀಯ ಅನ್ನು! ಬಾಯಿಲ್ದಿರೋವು. ಹೋಗವ್ವ ಹೋಗು, ಅವಕ್ಕೆ ಹೊತ್ತಾಯ್ತು."

ಅಂದಿನಿಂದ ಅವು 'ನಿನ್ ರಾಸುಗಳು'. ಎಷ್ಟೋ ಸಭೆಗಳಲ್ಲಿ ಸ್ಲೈಡು ತೋರಿಸಿ ಗಂಟಲು ಒಣಗಿಸಿಕೊಂಡಿದ್ದೇನೆ, ಇಷ್ಟು ಬೇಗ ಅರ್ಥಮಾಡಿಕೊಂಡು ಯಾರೂ ನನ್ನನ್ನು ಬಿಟ್ಟು ಕಳಿಸಿಲ್ಲ.

ಅವರ ಮನೆಯಲ್ಲಿ ಸಂಕ್ರಾಂತಿಯೆಂದರೆ ರಾಸುಗಳ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಿದ್ದ ಕಾಲ ಮುಗಿದಿತ್ತು. ಆದರೆ ರಾಸುಗಳ ಬಾಯಿಗೆ ಬೀಳದೆ ಮನೆಯವರು ಉಣ್ಣಬಾರದು ಎಂಬ ಕಟ್ಟಳೆಯನ್ನು ಅವರು ಬಿಟ್ಟಿರಲಿಲ್ಲ. ಆ ವರ್ಷ ನನ್ನನ್ನೂ ಹಬ್ಬದೂಟಕ್ಕೆ ಕರೆದರು. ಅವರೆಕಾಳು ಸಾರು, ಸಿಹಿ ಪೊಂಗಲ್... ಎಲೆಯ ಮುಂದೆ ಕೂತಿದ್ದೆ.

"ರಾಸುಗಳಿಗೆ ಹಾಕ್ದಾ?" ಎಂದರು.

"ಊಟ ಮಾಡ್ಕೊಂಡು ಹೋಗ್ತೀನಮ್ಮ."

"ಎದ್ದೇಳು ಮೇಲೆ."

ತಮಾಷೆ ಎಂದುಕೊಂಡೆ. ಅಲ್ಲ, ಎಲೆಗೆ ಒಂದಗುಳು ಬೀಳಲಿಲ್ಲ. ಹೊಟ್ಟೆ ಚುರುಗುಟ್ಟಿಸಿಕೊಂಡು ಲ್ಯಾಬಿಗೆ ಹೋಗಿ, ತಟ್ಟೆಗಳಿಗೆಲ್ಲ ಹಾಕಿ ಬಂದರೆ, ಮನೆಮಂದಿಯೆಲ್ಲ ಖಾಲಿ ಎಲೆಗಳ ಮುಂದೆ ಹಾಗೇ ಕೂತಿದ್ದಾರೆ! ಯಾರಿಗೂ ಬಡಿಸಿರಲಿಲ್ಲ. ಅವರ ಮಗನ ಮುಖವನ್ನಂತೂ ನೋಡುವ ಹಾಗಿರಲಿಲ್ಲ. ಓನರಮ್ಮ ಮಾತ್ರ ಏನೂ ಆಗದವರಂತೆ ಸೌಟು ಕೈಗೆತ್ತಿಕೊಂಡರು.

ಅದೇ ವರ್ಷ ದಸರಾ ಕಳೆದ ಮೇಲೆ ಅವರಿಗೇ ಹಾರ್ಟ್ ಅಟ್ಯಾಕ್ ಆಯಿತು. ಎದೆ ಹಿಡಿದುಕೊಂಡಿದ್ದನ್ನು ಗ್ಯಾಸ್ಟ್ರಿಕ್ ಎಂದು ಸುಮ್ಮನಿದ್ದರಂತೆ. ಸ್ಟೆಂಟ್ ಹಾಕುವಷ್ಟರಲ್ಲಿ ಸ್ನಾಯು ಬಹಳಷ್ಟು ಹಾಳಾಗಿತ್ತು. ಮನೆಗೆ ಬಂದರು, ಆದರೆ ಬಕೆಟ್ಟಿನಲ್ಲಿ ಹಿಂಡಿ ಕಲಸಿದರೂ ಏದುಸಿರು. ಒಂದು ಸಂಜೆ ನಾನು ಬರುವಾಗ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈ ಹಿಡಿದರು.

"ನಿನ್ ರಾಸುಗಳಲ್ಲಿ ಒಂದ್ ನಾಕು ನನ್ನೆದೆಗೆ ಕಟ್ಟಕ್ಕಾಗಲ್ವೇನವ್ವ?"

ನಗುತ್ತಲೇ ಕೇಳಿದರು. ಕೈ ಮಾತ್ರ ಬಿಡಲಿಲ್ಲ. 'ನೋಡೋಣ' ಎಂದುಬಿಡುವ ಆಸೆ ನಾಲಿಗೆಯ ತುದಿಗೆ ಬಂದಿತ್ತು... ಅವರಿಗೆ ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ. ಆಗಲ್ಲಮ್ಮ ಎಂದೆ. ಇನ್ನೂ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಯುತ್ತಿದೆ, ಹೊಸ ಕೋಶಗಳು ತಮ್ಮದೇ ಲಯದಲ್ಲಿ ಮಿಡಿಯುತ್ತವೆ, ಹಳೆಯ ಹೃದಯಕ್ಕೆ ಹೊಂದಿಕೊಳ್ಳುವ ತನಕ ಅದರ ಬಡಿತವನ್ನೇ ಕೆಡಿಸಬಹುದು, ಜೀವಕ್ಕೇ ಅಪಾಯ ಎಂದೆ. ಓನರಮ್ಮ ಬೀದಿಯ ಕಡೆ ತಿರುಗಿದರು.

"ಹೊಸ ಎತ್ತು ಅಂಗೇ ಕಣವ್ವ. ಜೊತೆ ಹೊಂದೋಗಂಟ ಗಾಡೀನ ಹಳ್ಳಕ್ಕೆ ಎಳೀತದೆ. ಚೆನ್ನಾಗಿ ಪಳಗಿಸ್ರಿ. ನನ್ಗಲ್ದಿದ್ರೆ ಇನ್ಯಾರ್ಗೋ ಆಯ್ತದೆ." ಕೈ ಬಿಟ್ಟು, ಎಂದಿನಂತೆ ಕೇಳಿದರು, "ಇವತ್ತು ಹಾಕ್ದಾ?"

ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ತನಗೆ ದಕ್ಕದ ಮದ್ದಿಗೆ ಹೊತ್ತಿಗೆ ಸರಿಯಾಗಿ ಊಟ ಬಿತ್ತೇ ಎಂದು ವಿಚಾರಿಸುವ ದೊಡ್ಡತನ ನನಗಂತೂ ಇಲ್ಲ. ಅವರಿಗಿತ್ತು. ಆಮೇಲೂ ದಿನಾ ಕೇಳಿದರು, ದನಿ ಸಣ್ಣದಾದಾಗಲೂ ಕೇಳಿದರು.

ಸಂಕ್ರಾಂತಿಗೆ ಇನ್ನೂ ಒಂದು ವಾರವಿದೆ ಎನ್ನುವಾಗ ಹೋಗಿಬಿಟ್ಟರು. ಶಾಮಿಯಾನದ ಕೆಳಗೆ ಜನರ ನಡುವೆ ನಾನೂ ನಿಂತಿದ್ದೆ. ಅವರ ಮಗ, ಖಾಲಿ ಎಲೆಯ ಮುಂದೆ ಸಿಡುಕಿಕೊಂಡು ಕೂತಿದ್ದವರು, ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದರು.

"ಮೇಡಂ, ಹೋಗಿ ಹಾಕ್ಬಿಟ್ಟು ಬನ್ನಿ. ಅಮ್ಮ ಇದ್ದಿದ್ರೆ ನಿಮ್ಮನ್ನ ಇಷ್ಟೊತ್ತು ನಿಲ್ಲೋಕೆ ಬಿಡ್ತಿದ್ರಾ?"

ಹೋದೆ. ಮೈಕ್ರೋಸ್ಕೋಪಿನ ಕೆಳಗೆ ಅವು ಮಿಡಿಯುತ್ತಿದ್ದವು. ಏನೂ ತಿಳಿಯದವರ ಹಾಗೆ, ಅಷ್ಟು ಚೆನ್ನಾಗಿ ಮಿಡಿಯುತ್ತಿದ್ದವು. ನನಗೆ ಸಿಟ್ಟು ಉಕ್ಕಿ ಬಂತು. ತಟ್ಟೆ ಎತ್ತಿ ಬಿಸಾಡಬೇಕು ಅನ್ನಿಸಿತು. ಹಳೆಯ ದ್ರವ ತೆಗೆದು ಹೊಸದು ಹಾಕಿದೆ.

ಈಗ ನಾನು ಜೆ.ಪಿ. ನಗರದಲ್ಲಿದ್ದೇನೆ. ಎಲ್ಲೆಲ್ಲೋ ದೂರದಲ್ಲಿ ರೋಗಿಗಳ ಮೇಲೂ ಇಂಥ ಕೋಶಗಳ ಪರೀಕ್ಷೆ ಎಚ್ಚರದಿಂದ ಶುರುವಾಗಿದೆ. ಹಾದಿ ಇನ್ನೂ ಬಹಳವಿದೆ. ಅಂಥ ಸುದ್ದಿ ಓದಿದಾಗೆಲ್ಲ, 'ಪಳಗ್ತಾ ಇವೆ ಕಣಮ್ಮ' ಎಂದು ಓಡಿಹೋಗಿ ಹೇಳಬೇಕು ಅನ್ನಿಸುತ್ತದೆ. ಆ ಮೆಟ್ಟಿಲ ಮೇಲೆ ಈಗ ಯಾರೂ ಕೂತಿರುವುದಿಲ್ಲ...

ಹಿಂಡಿಯ ಆಟೋ ತಲಘಟ್ಟಪುರದ ಕಡೆ ಹೊರಟುಹೋಯಿತು. ನಾನು ಲ್ಯಾಬಿಗೆ ಹೋಗಿ ತಟ್ಟೆಗಳಿಗೆಲ್ಲ ಹಾಕಿ, ಆಮೇಲೆ ನನ್ನ ಊಟದ ಡಬ್ಬಿ ಬಿಚ್ಚಿದೆ. ಹಾಕಿದೆ ಓನರಮ್ಮ, ಇವತ್ತೂ ಹಾಕಿದೆ.