ಒಂದೇ ಹಿಡಿ, ಎರಡು ಬ್ರೇಕು

ಅಕ್ಕ ಅವಳನ್ನು ಬಾಯ್ತುಂಬ ‘ತಂಗಿ’ ಎಂದು ಕರೆಯುತ್ತಿದ್ದಳು. ಕೇಳಿ ಕೇಳಿ ಇಡೀ ಬೀದಿಗೆ ಅವಳು ತಂಗಿಯೇ ಆಗಿಹೋದಳು. ಅವಳಿಗಿಂತ ಎಷ್ಟೋ ಚಿಕ್ಕವರೂ ‘ಏನ್ ತಂಗಿ, ಚೆನ್ನಾಗಿದೀಯಾ’ ಎನ್ನುತ್ತಿದ್ದರು, ತಲೆ ನೆರೆತವರೂ ಹಾಗೇ. ನಲವತ್ತು ದಾಟುವ ಹೊತ್ತಿಗೆ ಸ್ವಂತ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವಳು ತಿರುಗಿ ನೋಡುವುದೂ ಅನುಮಾನವಾಗಿತ್ತು.

ಎಳವೆಯಲ್ಲಿ ಬಂದ ಜ್ವರವೊಂದು ಅವಳ ಎಡಗೈಯ ಕಸುವನ್ನು ಹೀರಿಕೊಂಡು ಹೋಗಿತ್ತು. ಮಡಿಸುವಾಗ ಬಟ್ಟೆಯ ಅಂಚನ್ನು ಒತ್ತಿಹಿಡಿಯುವುದಕ್ಕೆ ಆ ಕೈ ಸಾಕು. ಏನನ್ನಾದರೂ ಬಿಗಿಯಾಗಿ ಹಿಡಿಯಬೇಕೆಂದರೆ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಅಕ್ಕ. ಮನೆಯ ಮುಂಗೋಣೆಯಲ್ಲಿ ಮೇಜು ಹಾಕಿಕೊಂಡು ಬೀದಿಯವರ ಬಟ್ಟೆಗೆ ಇಸ್ತ್ರಿ ಮಾಡುತ್ತ ಸಂಸಾರ ಎಳೆದಳು. ಬಂದ ಸಂಬಂಧಗಳನ್ನೆಲ್ಲ ‘ಇವಳನ್ನ ಯಾರು ನೋಡ್ಕೋತಾರೆ’ ಎಂದು ವಾಪಸು ಕಳಿಸಿದಳು. ಅಕ್ಕ ಇಸ್ತ್ರಿ ಮಾಡುವುದು, ತಂಗಿ ಮಡಿಸುವುದು, ಆಮೇಲೆ ಅಕ್ಕನೇ ಗಂಟು ಹೊತ್ತು ಮನೆಮನೆಗೆ ಕೊಟ್ಟುಬರುವುದು. ವರ್ಷಗಟ್ಟಲೆ ಹೀಗೇ ನಡೆಯಿತು. ತಂಗಿಯ ಪಾಲಿಗೆ ಊರೆಂದರೆ ಆ ಕೋಣೆಯ ಕಿಟಕಿಯಿಂದ ಕಂಡಷ್ಟು.

ಅಕ್ಕನಿಗೆ ಮಂಡಿನೋವು ಹತ್ತಿದ ಮೇಲೆ ಈ ಏರ್ಪಾಡು ನಿಂತಿತು. ಗಂಟು ಹೊರುವವರು ಯಾರು? ಬೀದಿಯ ತುದಿಯಲ್ಲಿ ಸೈಕಲ್ ಶಾಪು ಇಟ್ಟಿದ್ದವರನ್ನು ಎಲ್ಲರೂ ಮಾಮ ಎನ್ನುತ್ತಿದ್ದರು. ಅಂಗಿಗಳನ್ನು ಒಯ್ಯಲು ಬಂದ ಅವರು, “ಮೂರು ಚಕ್ರದ ಸೈಕಲ್ ಮಾಡ್ಕೊಡ್ತೀನಿ. ಬೀಳೋ ಮಾತೇ ಇಲ್ಲ. ತಂಗಿನೇ ಓಡಿಸ್ಲಿ” ಎಂದರು.

“ಅವಳಾ?” ಎಂದಳು ಅಕ್ಕ. “ಬ್ರೇಕ್ ಹಿಡಿಯೋಕೆ ಕೈಯೆಲ್ಲಿದೆ?”

“ಒಂದಿದೆಯಲ್ಲಮ್ಮ” ಎಂದರು ಮಾಮ.

ಮುಂದೆ ಎರಡು ಚಕ್ರ, ನಡುವೆ ಬಟ್ಟೆಯ ಪೆಟ್ಟಿಗೆ, ಹಿಂದೆ ಒಂದು ಚಕ್ರ. ಮುಂದಿನ ಎರಡಕ್ಕೂ ಬೇರೆ ಬೇರೆ ಬ್ರೇಕು. ಅವೆರಡೂ ಬಲಗೈಯ ಒಂದೇ ಹಿಡಿಗೆ ಬಗ್ಗಬೇಕು. ಮಾಮ ಮೊದಲು ಎರಡು ತಂತಿಗಳನ್ನೂ ಸೇರಿಸಿ ಹಿಡಿಗೆ ಕಟ್ಟಿ ನೋಡಿದರು. ಹಿಡಿ ಒತ್ತಿದರೆ ಒಂದು ಚಕ್ರ ಮೊದಲು ಕಚ್ಚಿ, ಗಾಡಿ ಮುನಿಸಿಕೊಂಡ ಎತ್ತಿನಂತೆ ಪಕ್ಕಕ್ಕೆ ಎಳೆಯುತ್ತಿತ್ತು. ಎಷ್ಟು ತಿರುವಿ ಸರಿಮಾಡಿದರೂ ಎರಡು ದಿನಕ್ಕೆ ಮತ್ತೆ ಅದೇ ರಗಳೆ. ಕೊನೆಗೆ ಬೆರಳುದ್ದದ ಕಬ್ಬಿಣದ ಪಟ್ಟಿಯೊಂದನ್ನು ತಕ್ಕಡಿಯ ಕೋಲಿನಂತೆ ತೂಗುಬಿಟ್ಟರು. ಹಿಡಿಯಿಂದ ಬಂದ ತಂತಿ ಅದರ ನಡುವಿಗೆ, ಎರಡು ಚಕ್ರದ ತಂತಿಗಳು ಅದರ ಎರಡು ತುದಿಗೆ. ಹಿಡಿ ಒತ್ತಿದಾಗ ಪಟ್ಟಿ ತಾನೇ ಅತ್ತಿತ್ತ ವಾಲಿ ಎರಡೂ ಕಡೆಗೆ ಸಮನಾಗಿ ಎಳೆತ ಹಂಚುತ್ತಿತ್ತು. “ಒಂದು ತಂತಿ ಕಿತ್ತೋದ್ರೂ ಭಯ ಇಲ್ಲ” ಎಂದು ಮಾಮ ಅಕ್ಕತಂಗಿಯರಿಬ್ಬರಿಗೂ ತೋರಿಸಿದರು. “ಪಟ್ಟಿ ವಾಲಿ ಈ ಮೊಳೆಗೆ ಬಂದು ತಗಲುತ್ತೆ. ಇನ್ನೊಂದು ಚಕ್ರ ಹಿಡಿಯುತ್ತೆ. ಗಾಡಿ ಪಕ್ಕಕ್ಕೆ ಎಳೆಯುತ್ತೆ, ಆದ್ರೆ ನಿಲ್ಲುತ್ತೆ.”

ತಂಗಿಗೆ ಗಾಡಿ ಕೈಗೆ ಹತ್ತಲು ಬಹಳ ಕಾಲ ಬೇಕಾಗಲಿಲ್ಲ. ಬೆಳಗ್ಗೆ ಬಟ್ಟೆ ತುಂಬಿಕೊಂಡು ಹೊರಟವಳು ಬೇಕರಿಯ ಮುಂದೆ, ಶಾಲೆಯ ಗೇಟಿನ ಮುಂದೆ, ಔಷಧದಂಗಡಿಯ ಮುಂದೆ ನಿಂತು ಮಾತಾಡಿ ಬರುವಳು. ಮನೆಗೆ ಬಂದರೆ ಬಾಯಿ ಮುಚ್ಚುತ್ತಿರಲಿಲ್ಲ. ಯಾರ ಮನೆಯಲ್ಲಿ ಬೆಕ್ಕು ಮರಿ ಹಾಕಿತು, ಯಾರಿಗೆ ಹೊಸ ಹಲ್ಲುಸೆಟ್ಟು ಬಂತು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಅಕ್ಕ ಇಸ್ತ್ರಿಪೆಟ್ಟಿಗೆ ಉಜ್ಜುತ್ತ ಹ್ಞೂಂಗುಟ್ಟುತ್ತಿದ್ದಳು. ದಿಬ್ಬದ ಮೇಲೆ ಸಸಿತೋಟ ನಡೆಸುವ ಹೆಂಗಸೊಬ್ಬಳಿಗೆ ತಂಗಿ ಹಿಡಿಸಿಬಿಟ್ಟಳು. “ಹೂಕುಂಡ ಒಯ್ದು ಕೊಡೋಕೆ ನಿನ್ನಂಥೋರೇ ಬೇಕು. ಹಿಂದುಗಡೆ ಒಂದು ರೂಮೂ ಇದೆ” ಎಂದು ಆಕೆ ಕರೆದಳು. ಅಂದು ಸಂಜೆ ಅಕ್ಕನಿಗೆ ಅದನ್ನು ಹೇಳುವಾಗ ತಂಗಿ ತನ್ನ ಖುಷಿಯನ್ನು ಅಡಗಿಸಿಡಲು ಹೋಗಲಿಲ್ಲ.

“ಯೋಚನೆ ಮಾಡೋಣ” ಎಂದಷ್ಟೇ ಹೇಳಿ ಅಕ್ಕ ದೀಪ ಆರಿಸಿದಳು.

ಆ ವಾರದಲ್ಲೇ ತಂಗಿ ಬಿದ್ದಳು. ದಿಬ್ಬ ಇಳಿಯುವಾಗ ಹಿಡಿ ಒತ್ತಿದರೆ ಅದು ಪೊಳ್ಳಾಗಿ ಒಳಗೆ ಹೋಯಿತು. ಮರುಕ್ಷಣ ಬಲಚಕ್ರ ಮಾತ್ರ ಕಚ್ಚಿ ಗಾಡಿ ಗೋಡೆಯ ಕಡೆ ನುಗ್ಗಿತು. ಮೊಣಕೈ ತರಚಿತು, ಬಿಳಿ ಅಂಗಿಗಳೆಲ್ಲ ಮಣ್ಣುಪಾಲು. ಎಡಗಡೆಯ ತಂತಿ ಹಿಡಿದಿದ್ದ ನಟ್ಟು ಸಡಿಲವಾಗಿತ್ತು. ಮಾಮ ಬಿಗಿಮಾಡಿ ಕೊಟ್ಟರು. ಹತ್ತು ದಿನ ಕಳೆಯುವುದರೊಳಗೆ ಮತ್ತೆ ಹಾಗೇ ಆಯಿತು. ಈ ಸಲ ಎದುರಿಗೆ ಟೆಂಪೋ ಬರುತ್ತಿತ್ತು. ಡ್ರೈವರು ಪಕ್ಕಕ್ಕೆ ತಿರುಗಿಸದಿದ್ದರೆ ತಂಗಿ ಉಳಿಯುತ್ತಿರಲಿಲ್ಲ.

ಜೀವ ಬಾಯಿಗೆ ಬಂದಿದ್ದ ಅವಳು ನೇರ ಶಾಪಿಗೆ ಹೋಗಿ ನಾಲ್ಕು ಜನರೆದುರು ಮಾಮನನ್ನು ತರಾಟೆಗೆ ತೆಗೆದುಕೊಂಡಳು. “ಬರಲ್ಲ ಅಂದ್ರೆ ಬರಲ್ಲ ಅನ್ಬೇಕಿತ್ತು. ನನ್ನ ಪ್ರಾಣದ ಮೇಲೆ ಕಲಿಯೋಕೆ ಹೋದ್ರಾ?” ಮಾಮ ಬಗ್ಗಿ ಸಡಿಲಾದ ನಟ್ಟನ್ನೇ ನೋಡಿದರು. ಬೀದಿಯಲ್ಲಿ ಆ ಮಾತು ಹಬ್ಬಿತು. ಅವರ ಶಾಪಿಗೆ ಮಕ್ಕಳ ಸೈಕಲ್ ಕಳಿಸುವುದನ್ನು ಕೆಲವರು ನಿಲ್ಲಿಸಿದರು.

ಮನೆಯಲ್ಲಿ ಅಕ್ಕ ಎಣ್ಣೆ ಬಿಸಿಮಾಡಿ ಅವಳ ಕೈ ನೀವುತ್ತ ಕೂತಳು. “ಮಾಮನ್ನ ಯಾಕೆ ಬಯ್ತೀಯ. ಪಾಪದ ಕೈ ಕಣೇ ಇದು. ಇದನ್ನ ನಂಬ್ಕೊಂಡು ರೋಡಿಗೆ ಇಳಿಯೋದಾ? ತೋಟದವಳಿಗೆ ಆಗಲ್ಲ ಅಂದ್ಬಿಡು.” ತಂಗಿಗೂ ಅದೇ ಸರಿಯೆನ್ನಿಸತೊಡಗಿತು. ಬಲಗೈಯೂ ಸೋಲುತ್ತಿದೆಯೇನೋ, ಹಿಡಿಯನ್ನು ತಾನೇ ಸರಿಯಾಗಿ ಒತ್ತುತ್ತಿಲ್ಲವೇನೋ ಎಂದು ಅವಳು ಬರಿಗಾಳಿಯಲ್ಲಿ ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದಳು.

ಅಷ್ಟು ಬೈಸಿಕೊಂಡರೂ ಮಾಮ ಗಾಡಿಯನ್ನು ಕೈಬಿಡಲಿಲ್ಲ. ನಟ್ಟು ಬಿಗಿದು, ಹೆಂಡತಿಯ ಉಗುರುಬಣ್ಣದ ಬಾಟಲಿ ತಂದು, ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಒಂದು ಕೆಂಪು ಗೆರೆ ಎಳೆದರು. “ತಾನಾಗಿ ಸಡಿಲ ಆಗೋ ನಟ್ಟಲ್ಲ ಇದು. ದಿನಾ ಹೊರಡೋಕೆ ಮುಂಚೆ ನೋಡ್ಕೋ. ಗೆರೆ ಮುರಿದಿದ್ರೆ ಯಾರೋ ತಿರುಗಿಸಿದಾರೆ ಅಂತ.”

ನಾಲ್ಕನೆಯ ಬೆಳಗ್ಗೆ ಗೆರೆ ಮುರಿದಿತ್ತು. ಗಾಡಿ ನಿಲ್ಲುತ್ತಿದ್ದುದು ಮನೆಯೊಳಗಿನ ಓಣಿಯಲ್ಲಿ. ಬಾಗಿಲಿಗೆ ಒಳಗಿನಿಂದ ಚಿಲಕ. ಮನೆಯಲ್ಲಿದ್ದವರು ಇಬ್ಬರೇ. ತಂಗಿ ಆ ಗೆರೆಯ ಎರಡು ತುಂಡುಗಳನ್ನು ನೋಡುತ್ತ ಕುಕ್ಕರುಗಾಲಲ್ಲಿ ಕೂತೇ ಇದ್ದಳು.

ಮುಂಗೋಣೆಯಲ್ಲಿ ಅಕ್ಕ ಯಾರದೋ ಅಂಗಿಯ ಕಾಲರು ಉಜ್ಜುತ್ತಿದ್ದಳು.

“ನಟ್ಟು ನೀನು ಬಿಚ್ಚಿದ್ದಾ?”

ಇಸ್ತ್ರಿಪೆಟ್ಟಿಗೆ ನಿಲ್ಲಲಿಲ್ಲ. ಕಾಲರು ಮುಗಿದು ತೋಳಿಗೆ ಬಂತು. “ಬೀಳ್ಲಿ ಅಂತ ಅಲ್ಲ” ಎಂದಳು ಅಕ್ಕ. “ಹೆದರ್ಲಿ ಅಂತ.”

“ಟೆಂಪೋ ಬಂತು ಅಂತ ಹೇಳ್ದೆನಲ್ಲ. ಅದಾದ ಮೇಲೂ ಬಿಚ್ಚಿದೆಯಾ?”

“ಒಂದು ಚಕ್ರ ಹಿಡಿಯುತ್ತೆ, ಗಾಡಿ ನಿಲ್ಲುತ್ತೆ ಅಂತ ಮಾಮ ಅಂದಿದ್ರು.” ಅಕ್ಕನ ದನಿ ಇಳಿಯಿತು. “ನೀನು ದಿಬ್ಬದ ಮೇಲೆ ಹೋಗಿ ಕೂತ್ರೆ ನಾನು ಯಾರ ಜೊತೆ ಇರ್ಲಿ? ನಿನಗೋಸ್ಕರ ಏನೆಲ್ಲ ಬಿಟ್ಟೆ ಅಂತ ಗೊತ್ತಾ?”

“ಗೊತ್ತು. ಅದನ್ನ ಮರೆತೋಳಲ್ಲ ನಾನು” ಎಂದಳು ತಂಗಿ. “ಬಿದ್ದಿದ್ದು ಹೋಗ್ಲಿ. ಕೈ ನೀವ್ತಾ ಕೂತಿದ್ದೆಯಲ್ಲ ಅಕ್ಕ, ಪಾಪದ ಕೈ ಅಂತ. ನಾನು ನಂಬ್ಬಿಟ್ಟೆ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು.”

ಅಕ್ಕನ ಕೈಯಲ್ಲಿ ಹಾಗೇ ನಿಂತ ಇಸ್ತ್ರಿಪೆಟ್ಟಿಗೆಯಡಿ ಅಂಗಿ ಸುಟ್ಟ ವಾಸನೆ ಬಂತು. ತಂಗಿಯೇ ಕೈಚಾಚಿ ಅದನ್ನು ಎತ್ತಿಟ್ಟಳು.

ಮಾಮನ ಶಾಪಿಗೆ ಹೋಗಿ ಅವಳು ತಪ್ಪಾಯಿತು ಎಂದಳು. ಯಾರು ಬಿಚ್ಚಿದರೆಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಬಯ್ದದ್ದು ನಾಲ್ಕು ಜನರೆದುರು. ಹಾಗಾಗಿ ಬಟ್ಟೆ ಕೊಡುವ ಮನೆಮನೆಯಲ್ಲೂ ನಿಂತು, ತಪ್ಪು ಮಾಮನದ್ದಲ್ಲ, ತಾನೇ ಸುಮ್ಮನೆ ಹಾರಾಡಿದೆ ಎಂದು ಹೇಳಿಬಂದಳು. ಅಕ್ಕನ ಮಾನ ಕಾಯಲು ಆ ಸುಳ್ಳನ್ನು ತನ್ನ ಮೇಲೆ ಹಾಕಿಕೊಂಡಳು.

ತಿಂಗಳು ಮುಗಿಯುವ ಮೊದಲೇ ಅವಳು ಸಸಿತೋಟದ ಹಿಂದಿನ ಕೋಣೆ ಸೇರಿದಳು. ಬಟ್ಟೆ ತಲುಪಿಸುವ ಕೆಲಸವನ್ನು ಬಿಡಲಿಲ್ಲ. ಬೆಳಗ್ಗೆ ಬಂದು ಗಂಟುಗಳನ್ನು ಪೆಟ್ಟಿಗೆಗೆ ತುಂಬಿಕೊಳ್ಳುವಳು, ಮಂಡಿಗೆ ಹಚ್ಚುವ ಔಷಧ ತಂದುಕೊಡುವಳು, ಅಕ್ಕ ಕೊಟ್ಟ ಕಾಫಿ ಕುಡಿಯುವಳು. ಗಾಡಿಯನ್ನು ಮಾತ್ರ ಮನೆಯೊಳಗೆ ತರುತ್ತಿರಲಿಲ್ಲ. ಕಿಟಕಿಯಿಂದ ಕಾಣುವ ಕಡೆ ಬೀದಿಯಲ್ಲೇ ನಿಲ್ಲಿಸುತ್ತಿದ್ದಳು. ಹೊರಡುವ ಮುನ್ನ ಬಗ್ಗಿ ನಟ್ಟು ನೋಡುವಳು.

ಒಂದು ದಿನ ಅಕ್ಕ ಹೊಸ್ತಿಲಲ್ಲಿ ನಿಂತು ಕೇಳಿದಳು. “ಇನ್ನೂ ನೋಡ್ತೀಯಲ್ಲೇ. ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?”

ಇದೆ ಎಂದುಬಿಡಬೇಕು ಎಂದು ತಂಗಿಗೆ ಅನ್ನಿಸಿತು. ಆದರೂ “ಸಂಜೆ ಔಷಧ ಹಚ್ಕೊಳ್ಳೋದು ಮರೀಬೇಡ” ಎಂದು ಹೇಳಿ ಅವಳು ಪೆಡಲು ತುಳಿದಳು.